ಕಣ್ಣು ಮತ್ತು ಬೆಳಕು



‘ನಾನು ಕಂಡೆ’ ಎಂದು ದಿನಕ್ಕೆ ನೂರು ಸಲ ಹೇಳುತ್ತೇವೆ. ಕಂಡದ್ದು ಹೇಗೆ? ಕಣ್ಣು ಹೋಗಿ ವಸ್ತುವನ್ನು ಮುಟ್ಟಿತೋ, ವಸ್ತುವಿನಿಂದ ಏನಾದರೂ ಕಣ್ಣಿಗೆ ಬಂದಿತೋ?

ಪಾಠಶಾಲೆಯಲ್ಲಿ ನ್ಯಾಯಶಾಸ್ತ್ರ ಓದುವಾಗ ನಾವು ಕಲಿತದ್ದು ಮೊದಲನೆಯದನ್ನು. ಚಕ್ಷುರಿಂದ್ರಿಯವು ತೈಜಸವಾದುದು, ಅದರ ರಶ್ಮಿಯು ಹೊರಟು ವಸ್ತುವನ್ನು ಸೇರಿದಾಗ ಜ್ಞಾನವುಂಟಾಗುತ್ತದೆ. ಗ್ರೀಕರ ಯೂಕ್ಲಿಡನ ಮತವೂ ಇದಕ್ಕೆ ಸಮೀಪವಾದುದೇ. ರಾತ್ರಿ ಸಂಚರಿಸುವ ಪ್ರಾಣಿಗಳ ಕಣ್ಣಿನಲ್ಲಿ ರಶ್ಮಿ ಕಾಣುವುದಲ್ಲವೇ ಎಂಬುದು ಗೌತಮರ ನ್ಯಾಯಸೂತ್ರವು ಕೊಡುವ ಒಂದು ಹೇತು. ನಾವೂ ಬಹಳ ವರ್ಷ ಹಾಗೆಯೇ ಪಾಠ ಹೇಳಿದೆವು.

ಒಂದು ದಿನ ಚಿಕ್ಕ ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಬುದ್ಧೀ, ದೀಪ ಆರಿಸಿದರೆ ಉಗ್ರಾಣದ ಬೆಕ್ಕಿನ ಕಣ್ಣೂ ಹೊಳೆಯೋದಿಲ್ಲವಲ್ಲ?” ಎಂದ. ಗದರಿಸಿ ಕೂರಿಸಿದೆವು. ಆದರೆ ಮನಸ್ಸು ಕೂರಲಿಲ್ಲ. ಅಂದು ರಾತ್ರಿ ಕಂದೀಲು ಹಿಡಿದು ಉಗ್ರಾಣಕ್ಕೆ ಹೋದೆವು. ಮೂಟೆಗಳ ಮೇಲೆ ಎರಡು ಕಿಡಿಗಳಂತೆ ಹೊಳೆಯುತ್ತಿದ್ದ ಕಣ್ಣುಗಳು ಕಂದೀಲು ಆರಿಸಿದೊಡನೆ ಇಲ್ಲವಾದವು! ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂತಹ ಪದರವೊಂದಿದೆ. ಹೊರಗಿನ ಬೆಳಕನ್ನೇ ಅದು ಹಿಂದಿರುಗಿಸುತ್ತದೆ. ತನ್ನದೆಂಬ ಬೆಳಕು ಅದಕ್ಕಿಲ್ಲ.

ಸುಮಾರು 1,000 ವರ್ಷಗಳ ಹಿಂದೆಯೇ ಕೈರೋ ನಗರದಲ್ಲಿದ್ದ ಇಬ್ನ್ ಅಲ್-ಹೈತಮ್ ಎಂಬ ವಿದ್ವಾಂಸರು ಇದನ್ನು ವಿಚಾರಮಾಡಿದ್ದರು. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ. ಹೊರಗಿನಿಂದ ಏನೋ ಒಳಗೆ ಬರುತ್ತಿರುವುದರಿಂದಲೇ ಅಲ್ಲವೇ ಆ ನೋವು? ವಸ್ತುವಿನಿಂದ ಹೊರಟ ಬೆಳಕೇ ಕಣ್ಣನ್ನು ಸೇರುತ್ತದೆಂದು ಅವರು ಸಾಧಿಸಿದರು.

ಹೊರಗಿನ ಆ ಬೇವಿನ ಮರವನ್ನು ನೋಡಿರಿ. ಸೂರ್ಯನಿಂದ ಹೊರಟು ಸುಮಾರು 8 ನಿಮಿಷ ಪ್ರಯಾಣಮಾಡಿದ ಬೆಳಕು ಎಲೆಯ ಮೇಲೆ ಬೀಳುತ್ತದೆ. ಎಲೆಯು ಅದರಲ್ಲಿ ಕೆಂಪು, ನೀಲಿಗಳನ್ನು ಹೆಚ್ಚಾಗಿ ಹೀರಿಕೊಂಡು, ಹಸಿರನ್ನು ಹೆಚ್ಚಾಗಿ ಹಿಂದಕ್ಕೆ ಕಳುಹಿಸುತ್ತದೆ. ಆ ಹಸಿರು ನಮ್ಮ ಕಣ್ಣಿನ ಪಾಪೆಯೊಳಗೆ ಹೊಕ್ಕು, ಮಸೂರದಲ್ಲಿ ಬಾಗಿ, ಹಿಂದಿನ ಅಕ್ಷಿಪಟದ ಮೇಲೆ ಬೀಳುತ್ತದೆ. ಅಲ್ಲಿಂದ ನರದ ಮೂಲಕ ಮೆದುಳಿಗೆ ಸುದ್ದಿ ಹೋಗುತ್ತದೆ. ಆಗ ‘ಮರ ಕಂಡೆ’ ಎನ್ನುತ್ತೇವೆ. ಬೆಳಕು ಬಾರದಿದ್ದರೆ ಎಂಥ ತೀಕ್ಷ್ಣವಾದ ಕಣ್ಣೂ ಕುರುಡೇ.

ಆದುದರಿಂದ, ಬಂಧುಗಳೇ, ಕಾಣುವುದೆಂದರೆ ಪಡೆಯುವುದು. ಕಣ್ಣು ಬಾಗಿಲು ತೆರೆದು ಕುಳಿತಿರುತ್ತದೆ, ಅಷ್ಟೆ. ‘ನಾನು ಕಂಡೆ’ ಎಂಬಲ್ಲಿ ‘ನಾನು’ ಎಷ್ಟು ಸಣ್ಣದು! ನಮಗೆ ಶಾಸ್ತ್ರವೂ ಇತ್ತು, ಕಣ್ಣೂ ಇತ್ತು. ಆದರೂ ಬೆಳಕು ಬಂದದ್ದು ಹತ್ತು ವರ್ಷದ ಹುಡುಗನಿಂದ. ಮರುದಿನ ಅವನನ್ನು ಕರೆದು, ಎಲ್ಲರೆದುರಿಗೆ, “ನೀನು ಹೇಳಿದ್ದೇ ಸರಿ, ಮಗು” ಎಂದೆವು. ಶಾಸ್ತ್ರಕ್ಕೆ ಅದರಿಂದ ಅವಮಾನವಾಗಲಿಲ್ಲ. ಪ್ರಶ್ನೆಯಿಂದಲೇ ಬೆಳೆದದ್ದು ನ್ಯಾಯಶಾಸ್ತ್ರ.

ನಿಮ್ಮ ಮನೆಯ ಮಕ್ಕಳೂ ಕೇಳುತ್ತಾರೆ. ಗದರಿಸಬೇಡಿರಿ. ಒಮ್ಮೆ ದೀಪ ಆರಿಸಿ ನೋಡಿರಿ.