ಅಜ್ಜಿ ತೆರೆದ ಬಾಗಿಲು



'ಕ್ರೀಡೆ ಮತ್ತು ಕುಟುಂಬ' ಎಂಬ ವಿಷಯಕ್ಕೆ ನಾನು ಆರಿಸಿಕೊಂಡಿರುವುದು ಅಮೆರಿಕದ ಒಬ್ಬ ಬೇಸ್‌ಬಾಲ್ ಆಟಗಾರನನ್ನು. ಆಟದ ನಿಯಮ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ನಮ್ಮ ಸಿಕ್ಸರ್ ಇದ್ದ ಹಾಗೆ ಅಲ್ಲಿ ಹೋಮ್ ರನ್, ಅಷ್ಟು ತಿಳಿದರೆ ಸಾಕು.

ಆತನ ಹೆಸರು ಜಾಷ್ ಹ್ಯಾಮಿಲ್ಟನ್. ಉತ್ತರ ಕೆರೊಲಿನಾದ ರಾಲಿಯವನು. 1999ರಲ್ಲಿ, ಹದಿನೆಂಟು ವರ್ಷಕ್ಕೇ, ದೇಶದ ಎಲ್ಲ ಹೊಸ ಹುಡುಗರಲ್ಲಿ ಮೊದಲನೆಯವನಾಗಿ ಆಯ್ಕೆಯಾದ. ಸುಮಾರು 40 ಲಕ್ಷ ಡಾಲರ್ ಕೈಗೆ ಬಂತು. ಅಪ್ಪ ಅಮ್ಮ ಕೆಲಸ ಬಿಟ್ಟು ಮಗನ ಜೊತೆ ಊರೂರು ಸುತ್ತಿದರು. 2001ರಲ್ಲಿ ಮೂವರೂ ಇದ್ದ ವಾಹನಕ್ಕೆ ಅಪಘಾತವಾಯಿತು. ಹೆತ್ತವರು ಚೇತರಿಸಿಕೊಳ್ಳಲು ಊರಿಗೆ ಹೋದರು, ಮಗ ಬೆನ್ನುನೋವಿನೊಂದಿಗೆ ಒಂಟಿಯಾದ. ಕೈತುಂಬ ದುಡ್ಡು, ಮಾಡಲು ಕೆಲಸವಿಲ್ಲ. ಕುಡಿತ ಬಂತು, ಹಿಂದೆಯೇ ಕೊಕೇನ್. ಆಟದಿಂದ ಅಮಾನತಾದ. ಸಂಸಾರವೂ ಒಡೆಯಿತು.

2005ರ ಅಕ್ಟೋಬರಿನಲ್ಲಿ ಅವನು ಹೋಗಿ ನಿಂತದ್ದು ಅಜ್ಜಿ ಮೇರಿ ಹೋಲ್ಟ್ ಅವರ ಬಾಗಿಲಲ್ಲಿ. ಅಜ್ಜಿ ಒಳಗೆ ಕರೆದರು, ಊಟ ಹಾಕಿದರು. ಕೆಲವೇ ದಿನಗಳಲ್ಲಿ ಮೊಮ್ಮಗ ಅದೇ ಮನೆಯಲ್ಲಿ ಮತ್ತೆ ಮಾದಕವಸ್ತು ತೆಗೆದುಕೊಂಡ. ಅಜ್ಜಿ ಅಳುತ್ತ ಕೂರಲಿಲ್ಲ. ನೀನು ಸಾಯುವುದನ್ನು ನೋಡುತ್ತ ನಾನು ಇರಲಾರೆ ಎಂದು ಮುಖಕ್ಕೆ ಹೇಳಿದರು. ಅವನು ವ್ಯಸನ ಬಿಡಲು ನಿರ್ಧರಿಸಿದ್ದು ಅಂದೇ.

ಆಮೇಲಿನ ದಾರಿ ಸುಲಭದ್ದಾಗಿರಲಿಲ್ಲ. ಫ್ಲಾರಿಡಾದ ಒಂದು ತರಬೇತಿ ಕೇಂದ್ರದಲ್ಲಿ ಶೌಚಾಲಯ ತೊಳೆದು, ಮೈದಾನ ಸರಿಮಾಡಿ, ಅದರ ಬದಲಿಗೆ ಅಭ್ಯಾಸ ಮಾಡಿದ. ಪತ್ನಿ ಕೇಟಿಯ ಜೊತೆ ಸಂಸಾರ ಮತ್ತೆ ಕೂಡಿತು. 2007ರ ಏಪ್ರಿಲ್‌ನಲ್ಲಿ ಸಿನ್ಸಿನಾಟಿ ತಂಡದ ಪರ ಮೊದಲ ಬಾರಿ ಬ್ಯಾಟ್ ಹಿಡಿದು ಬಂದಾಗ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಾರಕ್ಕೆ ಮೂರು ಸಲ ಮೂತ್ರ ಪರೀಕ್ಷೆ. ಪ್ರವಾಸದಲ್ಲಿ ಅವನ ಊಟದ ದುಡ್ಡು ಕೋಚ್ ಜಾನಿ ನ್ಯಾರನ್ ಬಳಿ. 2008ರಲ್ಲಿ ಹೋಮ್ ರನ್ ಸ್ಪರ್ಧೆಯ ಒಂದೇ ಸುತ್ತಿನಲ್ಲಿ 28 ಹೋಮ್ ರನ್ ಹೊಡೆದ. 2010ರಲ್ಲಿ ಅಮೆರಿಕನ್ ಲೀಗ್‌ನ ಶ್ರೇಷ್ಠ ಆಟಗಾರನಾದ. ಆ ವರ್ಷದ ಗೆಲುವಿಗೆ ಜೊತೆಗಾರರು ಅವನ ಮೇಲೆ ಸುರಿದದ್ದು ಶಾಂಪೇನ್ ಅಲ್ಲ, ಜಿಂಜರ್ ಏಲ್!

ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ನಡುವೆಯೂ ಆಮೇಲೂ ಅವನು ಮತ್ತೆ ಮತ್ತೆ ಜಾರಿದ. 2015ರಲ್ಲಿ ವಿಚ್ಛೇದನವಾಯಿತು. ಮಗಳ ಮೇಲೆ ಕೈಮಾಡಿದ ಆರೋಪ ನ್ಯಾಯಾಲಯಕ್ಕೆ ಹೋಗಿ, 2022ರಲ್ಲಿ ಅವನು ಕಡಿಮೆ ದರ್ಜೆಯ ಅಪರಾಧವನ್ನು ಒಪ್ಪಿಕೊಂಡ.

ಹಾಗಾದರೆ ಅಜ್ಜಿಯ ಶ್ರಮ ವ್ಯರ್ಥವೇ? ಕೇಟಿ ಸೋತರೇ? ನನ್ನ ಉತ್ತರ: ಇಲ್ಲ. ಎದ್ದು ನಿಲ್ಲಲು ಕೈ ಕೊಡಬಹುದು, ಅವನ ಬದಲಿಗೆ ನಡೆಯಲು ಆಗದು. ನಮ್ಮಲ್ಲಿ ಗಂಡ ಕುಡಿದರೆ 'ಹೊಂದಿಕೊಂಡು ಹೋಗಮ್ಮ' ಎನ್ನುತ್ತೇವೆ, ಮಗ ಹಾಳಾದರೆ ತಾಯಿಯ ಮುದ್ದಿನತ್ತ ಬೆರಳು ತೋರಿಸುತ್ತೇವೆ. ಅವನು ಸರಿಹೋದರೆ ಅವನ ಸಾಧನೆ, ಕೆಟ್ಟರೆ ಮನೆಯ ಹೆಂಗಸಿನ ತಪ್ಪು. ಈ ಲೆಕ್ಕ ಸರಿಯಲ್ಲ. ಬಾಗಿಲು ತೆರೆಯುವುದು ಪ್ರೀತಿ. ಹೊಸಿಲಲ್ಲಿ ನಿಂತು ಷರತ್ತು ಹೇಳುವುದೂ ಪ್ರೀತಿಯೇ. ಮಕ್ಕಳ ಕ್ಷೇಮಕ್ಕಾಗಿ ಆ ಬಾಗಿಲು ಮುಚ್ಚಬೇಕಾಗಿ ಬಂದರೆ ಅದು ಕ್ರೌರ್ಯವಲ್ಲ.

ಇನ್ನೊಂದು ಮಾತು. ಹ್ಯಾಮಿಲ್ಟನ್ ಮತ್ತೆ ಆಡಿದ್ದು ಅಜ್ಜಿಯೊಬ್ಬರಿಂದಲೇ ಅಲ್ಲ. ಕೋಚ್, ಪರೀಕ್ಷೆ, ತಂಡ ಎಲ್ಲವೂ ಭಾರ ಹೊತ್ತವು. ನಾವೂ ಒಬ್ಬರೇ ಹೊರಬೇಕಿಲ್ಲ. ವ್ಯಸನಮುಕ್ತಿಗೆ ಸರ್ಕಾರದ ಉಚಿತ ಸಹಾಯವಾಣಿ 14446 ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಗುಂಪುಗಳಿವೆ. ಇವೆಲ್ಲಕ್ಕೂ ಮೊದಲು ನಾವಿದ್ದೇವೆ. ನಮ್ಮಲ್ಲಿ ಯಾರಾದರೂ ಮನೆಯ ಕಷ್ಟ ಹೇಳಿಕೊಂಡರೆ ಬುದ್ಧಿ ಹೇಳುವ ಮೊದಲು ಪಕ್ಕದಲ್ಲಿ ಕೂತು ಕೇಳೋಣ.