ಕಾನೂನು ಉಂಟು, ಫಾರ್ಮ್ ಇಲ್ಲ: ಪಬ್ಲಿಕ್ ಪಾಲಿಸಿ ಓದುವ ಬಗ್ಗೆ ನಾಲ್ಕು ಮಾತು

ಬ್ಯಾಂಕ್ ಗುಮಾಸ್ತನ ಕೈಗೆ ಮೈಕ್ ಕೊಟ್ಟರೆ ಸಾಲದ ವಿಷಯ ಮಾತಾಡ್ತಾನೆ ಅಂತ ಹೆದರಿದ್ದೀರೋ ಏನೋ. ಅದೂ ಬರ್ತದೆ, ಕೊನೆಗೆ. ಮೊದಲು ಓದಿನ ವಿಷಯ.

ಡಿಗ್ರಿ ಮುಗಿಸಿದ ನಮ್ಮ ಕಾಸರಗೋಡಿನ ಮಕ್ಕಳಿಗೆ ಕಾಣುವ ದಾರಿ ಬಿ.ಎಡ್., ಪಿ.ಎಸ್.ಸಿ. ಕೋಚಿಂಗ್, ಇಲ್ಲದಿದ್ದರೆ ಮಂಗಳೂರಿನ ಬಸ್ಸು. ಇನ್ನೊಂದು ದಾರಿ ಉಂಟು: ಪಬ್ಲಿಕ್ ಪಾಲಿಸಿ, ಅಂದರೆ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ. ನಾನು ಬಿ.ಕಾಂ. ಮಾಡಿ ಬ್ಯಾಂಕ್ ಸೇರಿದವ. ಈಗ ಕೆಲಸದ ಜೊತೆಗೇ ಇಗ್ನೋದಲ್ಲಿ ಸಾರ್ವಜನಿಕ ಆಡಳಿತದ ಎಂ.ಎ. ಓದ್ತಾ ಇದ್ದೇನೆ. ಅದರಲ್ಲಿ ಸಾರ್ವಜನಿಕ ನೀತಿಯದ್ದೇ ಒಂದು ಪತ್ರಿಕೆ ಉಂಟು. ಅದನ್ನು ಓದಿದ ಮೇಲೆ ನಿಮಗೆ ಹೇಳಲೇಬೇಕು ಅನಿಸಿತು.

ಒಂದು ಉದಾಹರಣೆ ನೋಡಿ. ಕೇರಳದ ಅಧಿಕೃತ ಭಾಷಾ ಕಾಯ್ದೆ 1969ರದ್ದು. ಕನ್ನಡಿಗರು, ತಮಿಳರು ಸರಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು ಅಂತ ಅದರಲ್ಲೇ ಬರೆದಿದೆ. ಕಾನೂನಿಗೆ ಅರ್ಧ ಶತಮಾನ ದಾಟಿತು. ಕೌಂಟರಿನಲ್ಲಿ ಕನ್ನಡ ಫಾರ್ಮ್ ಎಷ್ಟು ಕಡೆ ಸಿಗ್ತದೆ, ನಿಮಗೇ ಗೊತ್ತು.

ಇದಕ್ಕೆ ನಮ್ಮ ಸಿದ್ಧ ಉತ್ತರ "ಮಲತಾಯಿ ಧೋರಣೆ". ಇರಬಹುದು. ಆದರೆ ಅಲ್ಲಿಗೆ ಮಾತು ಮುಗಿಯಿತು, ಮುಂದೆ ಹೋಗ್ಲಿಕ್ಕೆ ದಾರಿ ಇಲ್ಲ. (ನಮ್ಮ ಭಾಷಣಗಳೂ ಹಾಗೆಯೇ ಮಾರಾಯ್ರೆ, 1956ರಲ್ಲಿ ಶುರುವಾಗಿ 1967ರ ಮಹಾಜನ ವರದಿಯಲ್ಲಿ ನಿಂತುಬಿಡ್ತವೆ.) ನೀತಿ ಓದಿದವರು ಕೇಳುವುದೇ ಬೇರೆ. ಫಾರ್ಮ್ ಅನುವಾದ ಮಾಡಿಸುವ ಹೊಣೆ ಯಾವ ಇಲಾಖೆಯದ್ದು? ಅನುವಾದಕರ ಹುದ್ದೆ ಮಂಜೂರಾಗಿದೆಯಾ, ಆಗಿದ್ದರೆ ಭರ್ತಿಯಾಗಿದೆಯಾ? ಮುದ್ರಣದ ಖರ್ಚು ಬಜೆಟ್ಟಿನ ಯಾವ ಲೆಕ್ಕಶೀರ್ಷಿಕೆಯಲ್ಲಿ ಬರ್ತದೆ? ಎಲ್ಲ ಆನ್‌ಲೈನ್ ಆಗುವಾಗ ಕನ್ನಡವೂ ಬೇಕು ಅಂತ ಸಾಫ್ಟ್‌ವೇರ್ ಟೆಂಡರಿನಲ್ಲಿ ಬರೆದಿದ್ದರಾ? ಇದನ್ನೆಲ್ಲ ಕೇಳ್ಲಿಕ್ಕೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು, 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರವನ್ನು ಓದಿ ಮುಂದಿನ ಪ್ರಶ್ನೆ ಹಾಕುವವರು ಬೇಕು, ಅಷ್ಟೇ.

ನನ್ನದೇ ಕಸುಬಿನಿಂದ ಇನ್ನೊಂದು. ಗ್ರಾಹಕರಿಗೆ ಕೊಡುವ ಫಾರ್ಮ್, ಸ್ಲಿಪ್, ಪಾಸ್‌ಬುಕ್ ಇಂಗ್ಲಿಷ್, ಹಿಂದಿ ಮತ್ತು ಸಂಬಂಧಪಟ್ಟ ಪ್ರಾದೇಶಿಕ ಭಾಷೆಯಲ್ಲಿ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. "ಸಂಬಂಧಪಟ್ಟ" ಅಂದರೆ ಯಾವುದು? ಮಂಜೇಶ್ವರದ ಶಾಖೆಗೆ ಪ್ರದೇಶ ಅಂದರೆ ರಾಜ್ಯವಾ, ತಾಲೂಕಾ? ಹೊಸೂರಿಗೆ, ಜತ್ತಕ್ಕೆ, ಮಡಕಶಿರಾಕ್ಕೆ ಹೋದರೂ ಇದೇ ಪ್ರಶ್ನೆ. ಪಿಂಚಣಿ ತೆಗೀಲಿಕ್ಕೆ ಬರುವ ಅಜ್ಜಿ ಕನ್ನಡ ಪೇಪರ್ ಪೂರ್ತಿ ಓದ್ತಾರೆ, ಹಣ ತೆಗೆಯುವ ಸ್ಲಿಪ್ ಮಾತ್ರ ಪಕ್ಕದವರ ಹತ್ತಿರ ಬರೆಸ್ತಾರೆ. ಅವರು ಅನಕ್ಷರಸ್ಥರಾದದ್ದು ಒಂದು ಶಬ್ದದ ಅರ್ಥದಿಂದ.

ದೂರದಿಂದಲೇ ಕಾಣುವ ಕಾನೂನುಗಳೂ ಇರ್ತವೆ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ಶುರುವಾಗಿ, ವರ್ಷಕ್ಕೊಂದು ತರಗತಿ ಮೇಲೇರಿ, 2015-16ಕ್ಕೆ ಹತ್ತನೇ ತರಗತಿ ತಲುಪುವ ಹಾಗೆ ಬರೆದದ್ದು. ಹತ್ತು ವರ್ಷ ಮೊದಲೇ ಮಕ್ಕಳ ಲೆಕ್ಕ, ಶಿಕ್ಷಕರ ಲೆಕ್ಕ ಇಟ್ಟುಕೊಂಡು ಕೂತವನ ಮಾತಿಗೂ ಪರೀಕ್ಷೆಯ ಹೊತ್ತಿಗೆ ಎದ್ದವನ ಮಾತಿಗೂ ತೂಕ ಒಂದೇ ಅಲ್ಲ.

ಎಲ್ಲಿ ಓದುವುದು? ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 2014ರಿಂದ ಎರಡು ವರ್ಷದ ಎಂ.ಪಿ.ಪಿ. ನಡೆಸ್ತಾ ಇದೆ. ಯಾವ ಪದವಿಯವರೂ ಪ್ರವೇಶ ಪರೀಕ್ಷೆ ಬರೆಯಬಹುದು, ಲಾ ಓದಿರಬೇಕಿಲ್ಲ. ಅರ್ಥಶಾಸ್ತ್ರ, ಕಾನೂನು, ಅಂಕಿಅಂಶ, ಸಂಶೋಧನೆ ಎಲ್ಲ ಇರ್ತದೆ. ಬಜೆಟ್ ಓದುವುದರಲ್ಲಿ ಕಾಮರ್ಸ್‌ನವರು ಮುಂದೆ ಇರ್ತೀರಿ. ಆದರೆ ಪಾಠ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದವರು ಒಂದು ವರ್ಷ ಮೊದಲೇ ಇಂಗ್ಲಿಷ್ ಬರೆದು ಅಭ್ಯಾಸ ಮಾಡಬೇಕು, ಬೇರೆ ಉಪಾಯ ಇಲ್ಲ. ಓದಿದ ಕೂಡ್ಲೇ ತಹಶೀಲ್ದಾರ್ ಆಗುವುದೂ ಇಲ್ಲ. ಸಂಶೋಧನಾ ಸಂಸ್ಥೆ, ಸ್ವಯಂಸೇವಾ ಸಂಸ್ಥೆ, ಸರಕಾರಕ್ಕೆ ಸಲಹೆ ಕೊಡುವ ಕಂಪೆನಿ, ಇಂಥಲ್ಲಿ ಕೆಲಸ. ಸಂಬಳ ಒಂದೇ ಬೇಕಾದವರು ಬ್ಯಾಂಕ್ ಪರೀಕ್ಷೆ ಬರೀರಿ, ನಾನು ಅದನ್ನೇ ಮಾಡಿದ್ದು.

ಈಗ ಸಾಲ. ಇಂಥ ಕೋರ್ಸಿನ ಶುಲ್ಕ ಲಕ್ಷದ ಲೆಕ್ಕದಲ್ಲಿ ಇರ್ತದೆ. ಶಿಕ್ಷಣ ಸಾಲಕ್ಕೆ 4 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಕೇಂದ್ರದ ಗ್ಯಾರಂಟಿ ನಿಧಿಯಡಿ ಏಳೂವರೆ ಲಕ್ಷದವರೆಗೂ ಅಡಮಾನ ಇಲ್ಲದೆ ಕೊಡ್ಲಿಕ್ಕೆ ಅವಕಾಶ ಉಂಟು. ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ಮೇಲೆ ಶುರು, ಆದರೆ ಬಡ್ಡಿ ಮೊದಲ ದಿನದಿಂದಲೇ ಓಡ್ತದೆ, ಅದನ್ನು ಮರೀಬೇಡಿ. ಅಪ್ಪನೋ ಅಮ್ಮನೋ ಜೊತೆಗೆ ಸಹಿ ಹಾಕಬೇಕಾಗ್ತದೆ. ಆದಿತ್ಯವಾರ ಮನೆಯಲ್ಲಿ ಇರ್ತೇನೆ, ಕಾಗದ ತೆಗೊಂಡು ಅವರನ್ನೂ ಕರ್ಕೊಂಡು ಬನ್ನಿ. ಓದಿ ಹೇಳ್ತೇನೆ. ಅದೂ ಕನ್ನಡದಲ್ಲಿ ಇರುವುದಿಲ್ಲ.