'ಆಗಲ್ಲ' ಅಂದರೆ ಬರೆದು ಕೊಡಿ ಅನ್ನೋಣ



ದಿನವೆಲ್ಲ ದುಡಿದು ಬಂದಿದ್ದೀರಿ. ದಣಿದಿದ್ದೀರಿ. ಆದರೂ ಪಾಟಿ ಹಿಡಿದು ಕುಂತಿದ್ದೀರಿ. ನಮ್ಮ ಹುಲಿಹೈದರದಲ್ಲಿ ಇವತ್ತು ನಾವೆಲ್ಲ ಒಂದು ಕಾಗದದ ಬಗ್ಗೆ ಮಾತಾಡೋಣ. ಅದರ ಹೆಸರು ಪರವಾನಗಿ. ಮಂದಿ ಲೈಸೆನ್ಸ್ ಅಂತಾರೆ.

ಮೊದಲು ಒಬ್ಬ ತಾಯಿಯ ಮಾತು ಕೇಳೋಣ. ಅವರ ಹೆಸರು ಶಾಂತಾಬಾಯಿ ಯಾದವ್. ಊರು ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯಲ್ಲಿ. ಗಂಡ ಕ್ಷೌರ ಮಾಡುತ್ತಿದ್ದರು. 1984ರಲ್ಲಿ ತೀರಿಕೊಂಡರು. ಮನೆಯಲ್ಲಿ ನಾಲ್ಕು ಹೆಣ್ಣುಮಕ್ಕಳು. ಕೂಲಿಯಿಂದ ಹೊಟ್ಟೆ ತುಂಬಲಿಲ್ಲ. ಶಾಂತಾಬಾಯಿ ಗಂಡನ ಕತ್ತಿ ಕೈಗೆ ತಗೊಂಡರು. ಮಂದಿ ನಕ್ಕರು. ಅವರು ಬಿಡಲಿಲ್ಲ. ಆ ಕತ್ತಿಯಿಂದಲೇ ಮಕ್ಕಳನ್ನು ಸಾಕಿದರು.

ನಮ್ಮಲ್ಲೂ ಕೆಲವರು ಕೂದಲು ಕತ್ತರಿಸೋದು, ಹುಬ್ಬು ತಿದ್ದೋದು, ಮದುಮಗಳ ಸಿಂಗಾರ ಮಾಡೋದು ಕಲಿತಿದ್ದಾರೆ. ಊರಲ್ಲಿ ಅಂಗಡಿ ಇಡಬೇಕಾದರೆ ಗ್ರಾಮ ಪಂಚಾಯಿತಿಯ ಪರವಾನಗಿ ಬೇಕು. ಕ್ಷೌರದ ಅಂಗಡಿಗೂ ಬೇಕು, ಬ್ಯೂಟಿ ಪಾರ್ಲರಿಗೂ ಬೇಕು.

ಒಬ್ಬ ತಂಗಿ ಅರ್ಜಿ ಕೊಟ್ಟಳು ಅಂತ ಇಟ್ಟುಕೊಳ್ಳೋಣ. ಹದಿನೈದು ದಿನ ಬಿಟ್ಟು ಹೋದಳು. "ಆಗಂಗಿಲ್ಲ, ಹೋಗವ್ವ" ಅಂದರು. ತಂಗಿ ಕಣ್ಣೀರು ಒರೆಸಿಕೊಂಡು ಮನೆಗೆ ಬಂದಳು. ತಪ್ಪು ಎಲ್ಲಿ ಆಯಿತು? ಬಾಯಿಮಾತು ಕೇಳಿ ತಿರುಗಿ ಬಂದದ್ದೇ ತಪ್ಪು.

ಬಾಯಿಮಾತು ಆದೇಶ ಅಲ್ಲ. ಆದೇಶಕ್ಕೆ ತಾರೀಖು ಇರಬೇಕು, ಸಹಿ ಇರಬೇಕು, ಕಾರಣ ಇರಬೇಕು. "ಕಾರಣ ಬರೆದು ಕೊಡಿ" ಅಂತ ಕೇಳಬೇಕು. ಹೆಣ್ಣುಮಗಳು ಅಂತಲೋ, ಜಾತಿ ನೋಡಿಯೋ ಬಾಯಲ್ಲಿ ಏನಾದರೂ ಅನ್ನಬಹುದು. ಕಾಗದದ ಮೇಲೆ ಹಂಗೆ ಬರೆಯಲು ಬರುವುದಿಲ್ಲ. ಕಸುಬು ಮಾಡುವ ಹಕ್ಕನ್ನು ಸಂವಿಧಾನ ಎಲ್ಲರಿಗೂ ಕೊಟ್ಟಿದೆ.

ಕಾಗದ ಕೈಗೆ ಬಂತು. ಓದೋಣ. "ಹೊಲಸು ನೀರು ರಸ್ತೆಗೆ ಹರಿಯುತ್ತದೆ" ಅಂತ ಬರೆದಿದೆ ಅನ್ನಿ. ಇದಕ್ಕೆ ಉತ್ತರ ಇದೆ. ಇಂಗುಗುಂಡಿ ತೋಡಬಹುದು. ಕತ್ತರಿಸಿದ ಕೂದಲಿಗೆ ಮುಚ್ಚಳದ ಡಬ್ಬಿ ಇಡಬಹುದು. ಫೋಟೊ ತೆಗೆಸಬಹುದು. ಆಮೇಲೆ ಮೇಲ್ಮನವಿ ಹಾಕಬೇಕು. ಮೇಲ್ಮನವಿ ಅಂದರೆ ಅಪೀಲು. ಕೆಳಗಿನವರ ತೀರ್ಮಾನ ಸರಿ ಇಲ್ಲ ಅಂತ ಮೇಲಿನವರಿಗೆ ಹೇಳೋದು.

ಪಂಚಾಯಿತಿ ಆದೇಶದ ಮೇಲೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ಮಂದಿ ಅವರನ್ನು ಇ.ಓ. ಸಾಹೇಬರು ಅಂತಾರೆ. ಆದೇಶ ಬಂದ 30 ದಿನದ ಒಳಗೇ ಹಾಕಬೇಕು. ಅದಕ್ಕೇ ತಾರೀಖು ಮುಖ್ಯ. ಮೇಲ್ಮನವಿಯಲ್ಲಿ ಹೆಸರು, ಊರು, ಆದೇಶದ ತಾರೀಖು, ಅವರು ಹೇಳಿದ ಕಾರಣ, ನಮ್ಮ ಉತ್ತರ ಬರೆಯಬೇಕು. ಆದೇಶದ ಜೆರಾಕ್ಸ್ ಹಚ್ಚಬೇಕು. ಕೊಟ್ಟದ್ದಕ್ಕೆ ಸ್ವೀಕೃತಿ ಇಸಕೊಳ್ಳಬೇಕು.

ಕೊಟ್ಟ ಪರವಾನಗಿಯನ್ನು ರದ್ದು ಮಾಡುವಾಗಲೂ ಮೊದಲು ನೋಟಿಸ್ ಕೊಡಬೇಕು, ನಮ್ಮ ಮಾತು ಕೇಳಬೇಕು.

ಬರೆದು ಕೊಡಲಿಲ್ಲ ಅಂದರೆ? 2005ರ ಮಾಹಿತಿ ಹಕ್ಕು ಕಾಯಿದೆ ಇದೆ. 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, ನಮ್ಮ ಅರ್ಜಿ ಏನಾಯಿತು ಅಂತ ಕೇಳಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಹಣವೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು.

ಇನ್ನೊಂದು ಮಾತು. ಪರವಾನಗಿ ಸಿಕ್ಕಿತು, ಅಂಗಡಿ ತೆರೆದೆವು. ಆಗ ನಾವೂ ಯಾರಿಗೂ 'ಆಗಲ್ಲ' ಅನ್ನಬಾರದು. ಅಸ್ಪೃಶ್ಯತೆ ಮಾಡಿ ಒಬ್ಬರ ಕೂದಲು ಕತ್ತರಿಸಲ್ಲ ಅನ್ನೋದು ಅಪರಾಧ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಹಂಗೆ ಹೇಳುತ್ತದೆ. ಅಪರಾಧ ಸಾಬೀತಾದರೆ ಕೋರ್ಟು ಪರವಾನಗಿಯನ್ನೇ ರದ್ದು ಮಾಡಬಹುದು. ನಮಗೆ ನ್ಯಾಯ ಬೇಕು ಅಂದರೆ ನಮ್ಮ ಅಂಗಡಿಯ ಕುರ್ಚಿ ಎಲ್ಲರಿಗೂ ಒಂದೇ ಇರಬೇಕು.

ಹೆಬ್ಬೆಟ್ಟು ಒತ್ತುವಾಗ ಕಾಗದದಲ್ಲಿ ಏನಿದೆ ನಮಗೆ ತಿಳೀತಿರಲಿಲ್ಲ. ಈಗ ಓದುತ್ತೇವೆ. ಓದಿದ ಮೇಲೆ ಕೇಳೋಣ. ಒಬ್ಬಳೇ ಹೋಗಲು ಅಂಜಿಕೆ ಆದರೆ ಸಂಘದ ನಾಲ್ಕು ಮಂದಿ ಕೂಡಿ ಹೋಗೋಣ.

ಈಗ ಪಾಟಿ ತಗೊಳ್ಳಿ. ಎಲ್ಲರೂ ಕೂಡಿ ಬರೆಯೋಣ:

ಕಾರಣ ಬರೆದು ಕೊಡಿ.